ಕಾರ್ಡಲ್ಲಿ ದುಡ್ಡಿತ್ತು, ಕೈಗೆ ಬರ್ಲಿಲ್ಲ: ನಿಮ್ಮ ಫಾರೆಕ್ಸ್ ಕಾರ್ಡ್ ಬಗ್ಗೆ ನನ್ನ ಮೂರನೇ ದೂರು

ಗ್ರಾಹಕ ಸೇವಾ ವಿಭಾಗದವ್ರಿಗೆ, ಹಾಗೇ ನಮ್ಮ ಮಂಡ್ಯ ಬ್ರಾಂಚ್ ಮ್ಯಾನೇಜರ್ ಸಾರ್‌ಗೂ,

ನಮಸ್ಕಾರ. ನಾನು ನಿಮ್ಮಲ್ಲಿ ಹನ್ನೊಂದು ವರ್ಷದಿಂದ ಅಕೌಂಟ್ ಇಟ್ಟಿರೋಳು, ಸ್ಕೂಲಿನ ಸಂಬಳ ಬರೋದೂ ಅದಕ್ಕೇ. ಮೊದಲೆರಡು ದೂರು ಆ್ಯಪ್‌ನಲ್ಲಿ ಹಾಕಿದ್ದೆ, ಎರಡು ಸಲಾನೂ ಎರಡೇ ದಿನಕ್ಕೆ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜ್ ಬಂತು. ಯಾರೂ ಫೋನ್ ಮಾಡ್ಲಿಲ್ಲ, ಏನಾಯ್ತಮ್ಮ ಅಂತ ಒಂದು ಮಾತು ಕೇಳ್ಲಿಲ್ಲ. ಅದಕ್ಕೇ ಈ ಸಲ ಉದ್ದಕ್ಕೆ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

2025ರ ಅಕ್ಟೋಬರ್‌ನಲ್ಲಿ, ದಸರಾ ರಜೇಲಿ, ನಾವು ಐದು ಜನ ಮಲೇಷಿಯಾಗೆ ಹೋಗಿದ್ವಿ, ನಾನು, ನಮ್ಮೆಜಮಾನ್ರು, ಇಬ್ರು ಮಕ್ಳು, ನಮ್ಮತ್ತೆ. ನಮ್ಮನೇಲಿ ಯಾರೂ ಅದಕ್ಕೆ ಮುಂಚೆ ದೇಶ ಬಿಟ್ಟು ಹೋದೋರಲ್ಲ. ಅತ್ತೆ ಕೊಟ್ಟ ಕಬ್ಬಿನ ದುಡ್ಡು, ನಾನು ಎರಡು ವರ್ಷ ಕಟ್ಟಿ ಎತ್ತಿದ ಚೀಟಿ ದುಡ್ಡು, ಎರಡೂ ಸೇರ್ಸಿ ಹೊರಟಿದ್ದು. ಬ್ರಾಂಚಿಗೆ ಬಂದಾಗ ಕೌಂಟರ್‌ನಲ್ಲಿದ್ದ ಹುಡುಗ ಚೆನ್ನಾಗೇ ಮಾತಾಡ್ಸಿದ, ಆ ಹುಡುಗನ ಮೇಲೆ ನಂಗೆ ಕೋಪ ಇಲ್ಲ. ಒಬ್ಬೊಬ್ರು 3,000 ಡಾಲರ್ ತನಕ ನೋಟಲ್ಲೇ ತಗೊಂಡು ಹೋಗ್ಬಹುದು ಮೇಡಂ, ಆದ್ರೆ ಮಕ್ಳು ವಯಸ್ಸಾದೋರು ಜೊತೇಲಿ ಇದಾರೆ, ಕ್ಯಾಶ್ ಕಳೆದೋದ್ರೆ ಹೋಯ್ತು, ಮೊದ್ಲೇ ಡಾಲರ್ ತುಂಬಿಸ್ಕೊಂಡು ಹೊರದೇಶದಲ್ಲಿ ಉಜ್ಜೋ ಫಾರೆಕ್ಸ್ ಕಾರ್ಡೇ ಸೇಫ್ ಅಂದ. ಹತ್ತು ಲಕ್ಷ ದಾಟೋ ತನಕ ಟಿಸಿಎಸ್ ಅನ್ನೋ ತೆರಿಗೆ ಹಿಡಿಯಲ್ಲ ಅಂತಾನೂ ಬಿಡಿಸಿ ಹೇಳ್ದ. ಆ ಮಾತು ನಂಬಿ 1,300 ಡಾಲರ್ ಲೋಡ್ ಮಾಡಿಸ್ದೆ, ಡಾಲರ್‌ಗೆ 89.70ರಂತೆ, ಜಿಎಸ್‌ಟಿ ಎಲ್ಲಾ ಸೇರಿ 1,17,000 ಹತ್ತಿರ ಆಯ್ತು. ಕೈಯಲ್ಲಿ ನೋಟಾಗಿ ಬರೀ 400 ರಿಂಗಿಟ್, ಅಂದ್ರೆ ಮಲೇಷಿಯಾದ ದುಡ್ಡು, ಇಟ್ಕೊಂಡ್ವಿ.

ಆವತ್ತು ನಂಗೆ ಹೇಳ್ಬೇಕಾಗಿದ್ದು, ಹೇಳದೇ ಇದ್ದಿದ್ದು ಒಂದಿದೆ. ಹೋಟೆಲಲ್ಲಿ ಚೆಕ್ ಇನ್ ಮಾಡುವಾಗ ಕಾರ್ಡ್ ಉಜ್ಜಿದ್ರೆ ಅವ್ರು ದುಡ್ಡು ತಗೊಳಲ್ಲ, ಅಷ್ಟು ಮೊತ್ತ ತಡೆಹಿಡೀತಾರೆ, ಹೋಲ್ಡ್ ಅಂತಾರಲ್ಲ ಅದು. ಹೊರಡುವಾಗ ಬಿಲ್ಲಿನ ದುಡ್ಡು ಬೇರೆಯಾಗಿ ಕಟ್ ಆದ್ರೆ ಮೊದಲಿನ ಹೋಲ್ಡ್ ಬ್ಯಾಂಕ್ ಬಿಡೋ ತನಕ ಹಂಗೇ ಕೂತಿರತ್ತೆ. ಕ್ರೆಡಿಟ್ ಕಾರ್ಡಾದ್ರೆ ಲಿಮಿಟ್ ಅಷ್ಟು ಕಮ್ಮಿ ಆಗತ್ತೆ, ನಡೆಯತ್ತೆ. ನಮ್ಮಂಥೋರ ಪ್ರೀಪೇಡ್ ಕಾರ್ಡಲ್ಲಿ ಹಂಗೆ ಕೂರೋದು ನಾವು ಊಟಕ್ಕೆ, ಬಸ್ಸಿಗೆ ಅಂತ ಹಾಕಿರೋ ದುಡ್ಡೇ. ಡೆಪಾಸಿಟ್‌ಗೆ ಈ ಕಾರ್ಡ್ ಕೊಡ್ಬೇಡಿ ಅನ್ನೋ ಒಂದು ಮಾತು ಕೌಂಟರ್‌ನಲ್ಲಿ ಹೇಳಿದ್ರೆ ನಾನು ಈ ಪತ್ರ ಬರೀತಿರ್ಲಿಲ್ಲ.

ಕೌಲಾಲಂಪುರದಲ್ಲಿ ಎರಡು ರೂಮು, ನಾಲ್ಕು ರಾತ್ರಿ, 2,000 ರಿಂಗಿಟ್. ಚೆಕ್ ಇನ್‌ನಲ್ಲಿ ಡೆಪಾಸಿಟ್ ಸೇರಿ 2,400 ರಿಂಗಿಟ್ ಹೋಲ್ಡ್ ಹಾಕಿದ್ರು, 571 ಡಾಲರ್. ನಾವದನ್ನ ಬಾಡಿಗೆ ಕಟ್ಟಿಯಾಯ್ತು ಅಂತಾನೇ ತಿಳ್ಕೊಂಡಿದ್ವಿ. ಟೂರಿಸಂ ಟ್ಯಾಕ್ಸ್ ಅಂತ ರೂಮಿಗೆ ರಾತ್ರಿಗೆ 10 ರಿಂಗಿಟ್ ಕ್ಯಾಶಲ್ಲಿ ಇಸ್ಕೊಂಡ್ರು, ಅಲ್ಲೇ 80 ಹೋಯ್ತು. ನಾಲ್ಕು ದಿನ ಸುಖವಾಗೇ ಇದ್ವಿ. ಬಾತು ಕೇವ್ಸ್ ಗುಹೆ ದೇವಸ್ಥಾನದ 272 ಮೆಟ್ಲು ನಮ್ಮತ್ತೆ ಎಲ್ಲೂ ಕೂರದೆ ಹತ್ತಿದ್ರು, ನಮ್ ಚಾಮುಂಡಿ ಬೆಟ್ಟದ ಮುಂದೆ ಇದ್ಯಾವ ಲೆಕ್ಕ ಅಂದ್ರು. ಹೊರಡೋ ದಿನ ಹೋಟೆಲ್‌ನೋರು 2,000 ರಿಂಗಿಟ್ ಬೇರೆಯಾಗಿ ಉಜ್ಜಿ, ಹಳೇ ಹೋಲ್ಡ್ ಕ್ಯಾನ್ಸಲ್ ಮಾಡಿದೀವಿ ಅಂತ ಚೀಟಿ ಕೊಟ್ರು. ಆ ಚೀಟಿ ನನ್ನತ್ರ ಇದೆ.

ಅಲ್ಲಿಂದ ರೈಲಲ್ಲಿ ಬಟರ್‌ವರ್ತ್, ಫೆರೀಲಿ ಪೆನಾಂಗ್. ಅಲ್ಲಿನ ಜಾರ್ಜ್ ಟೌನ್ ಊರಿನ ಹೋಟೆಲ್ ತಲುಪಿದಾಗ ಸಂಜೆ ಐದಾಗಿತ್ತು. ಮೂರು ರಾತ್ರಿಗೆ 900 ರಿಂಗಿಟ್, ಕಾರ್ಡ್ ಕೊಟ್ಟೆ, ಡಿಕ್ಲೈನ್. ಇನ್ನೊಂದು ಸಲ, ಡಿಕ್ಲೈನ್. ಮೂರನೇ ಸಲ ಮಷೀನ್ ಬದಲಾಯಿಸಿ ನೋಡಿದ್ರು, ಅದೇ. ಮೂರು ಪುಟಾಣಿ ಚೀಟಿ ಕೌಂಟರ್ ಮೇಲೆ ಸಾಲಾಗಿ ಬಿದ್ದಿದ್ವು, ಮೂರರಲ್ಲೂ ‘ಇನ್‌ಸಫಿಶಿಯಂಟ್ ಫಂಡ್ಸ್’, ಅಂದ್ರೆ ದುಡ್ಡು ಸಾಲಲ್ಲ ಅಂತ, ಹಿಂದೆ ಕ್ಯೂನಲ್ಲಿದ್ದೋರು ನೋಡ್ತಿದ್ರು, ನಮ್ಮೆಜಮಾನ್ರು ಆ ಚೀಟಿಗಳನ್ನ ಎತ್ತಿ ಮಡಿಚಿ ಮಡಿಚಿ ಜೇಬಿಗೆ ಹಾಕ್ಕೊಂಡ್ರು. ಕಾರ್ಡಲ್ಲಿ ಮಿಕ್ಕಿದ್ದಿದ್ದು 40 ಡಾಲರ್. ನಮ್ಮದೇ 571 ಡಾಲರ್, ಐವತ್ತು ಸಾವಿರ ರೂಪಾಯಿ ಮೇಲೆ, ಅದೇ ಕಾರ್ಡಲ್ಲಿ ಬೀಗ ಹಾಕ್ಕೊಂಡು ಕೂತಿತ್ತು.

ನಿಮಗೆ ಫೋನ್ ಮಾಡೋಣ ಅಂದ್ರೆ ಕಾರ್ಡ್ ಹಿಂದೆ ಇರೋ 1800 ನಂಬರ್ ಹೊರದೇಶದಿಂದ ಹೋಗ್ಲೇ ಇಲ್ಲ. ಇನ್ನೊಂದು +91 ನಂಬರ್‌ಗೆ ಅಲ್ಲಿನ ಸಿಮ್‌ನಿಂದ ಮಾಡ್ದೆ, ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ, ಆಮೇಲೆ ಮ್ಯೂಸಿಕ್ಕು, 22 ನಿಮಿಷ ಕಾದ್ಮೇಲೆ ಒಬ್ರು ಬಂದು ನಿಮ್ಮ ರಿಜಿಸ್ಟರ್ಡ್ ನಂಬರ್‌ಗೆ ಒಟಿಪಿ ಕಳ್ಸಿದೀವಿ ಹೇಳಿ ಅಂದ್ರು. ನಮ್ಮ ಮಂಡ್ಯದ ಸಿಮ್‌ಗೆ ರೋಮಿಂಗ್ ಹಾಕ್ಸಿರ್ಲಿಲ್ಲ, ಒಟಿಪಿ ಎಲ್ಲಿಂದ ಬರ್ಬೇಕು? ಪಾಸ್‌ಪೋರ್ಟ್ ನಂಬರ್ ಹೇಳ್ತೀನಿ, ಹುಟ್ಟಿದ ದಿನ ಹೇಳ್ತೀನಿ ಅಂದೆ, ಆಗಲ್ಲ ಅಂದ್ರು. ಮಾತಾಡ್ತಾ ಇದ್ದಂಗೇ ಬ್ಯಾಲೆನ್ಸ್ ಮುಗಿದು ಕಾಲ್ ಕಟ್ಟಾಯ್ತು. ಯುಪಿಐ ಅಲ್ಲಿ ನಮಗೆ ನಡೀಲಿಲ್ಲ. ಯಜಮಾನ್ರ ಡೆಬಿಟ್ ಕಾರ್ಡಿತ್ತು, ಅದು ಬೇರೆ ಬ್ಯಾಂಕಿಂದು, ಹೊರದೇಶದ ವ್ಯವಹಾರ ನಾವಾಗಿ ಆನ್ ಮಾಡ್ಬೇಕು ಅನ್ನೋ ಆರ್‌ಬಿಐ ನಿಯಮ 2020ರಿಂದ ಇದೆ, ಒಳ್ಳೇ ನಿಯಮಾನೇ, ಆದ್ರೆ ಆನ್ ಮಾಡೋಕೂ ಒಟಿಪಿನೇ ಬೇಕು.

ಆಗ ನಮ್ಮತ್ತೆ ತಮ್ಮ ಬ್ಯಾಗ್ ತೆಗೆದ್ರು. ಔಷಧಿ ಡಬ್ಬಿ ಕೆಳಗೆ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಐನೂರರ ಹದಿನಾಲ್ಕು ನೋಟು ಇಟ್ಟಿದ್ರು. ವಾಪಸ್ ಬಂದು ಬೆಂಗಳೂರಿಂದ ಊರಿಗೆ ಬರೋಕೆ ಬೇಕಾಗತ್ತೆ ಅಂತ ತಂದಿದ್ದಂತೆ. ಅಲ್ಲಿನ ಲಿಟಲ್ ಇಂಡಿಯಾ ಬೀದೀಲಿ ನಮ್ ರೂಪಾಯಿ ತಗೊಳ್ಳೋ ಮನಿ ಚೇಂಜರ್ ಸಿಕ್ರು, 7,000ಕ್ಕೆ 320 ರಿಂಗಿಟ್ ಕೊಟ್ರು. ಹೋಟೆಲ್ ರಿಸೆಪ್ಷನ್‌ನಲ್ಲಿದ್ದ ತಮಿಳು ಹೆಣ್ಮಗಳು ನಮ್ಮ ಹರಕು ಮುರುಕು ತಮಿಳು ಕೇಳಿ ಕನಿಕರಪಟ್ಟು, ಒಂದು ರಾತ್ರಿ ದುಡ್ಡು 300 ಕಟ್ಟಿ, ಉಳಿದಿದ್ದು ನಾಳೆ ಸಂಜೆಯೊಳಗೆ ಕೊಡಿ ಅಂದ್ಳು. ನಿಮ್ಮ ಕಸ್ಟಮರ್ ಕೇರ್‌ನಲ್ಲಿ ಸಿಗದೇ ಇದ್ದ ಕರುಣೆ ಆಯಮ್ಮನ ಹತ್ರ ಸಿಕ್ತು.

ಆ ರಾತ್ರಿ ಕೈಯಲ್ಲಿ ಉಳಿದ ಚಿಲ್ಲರೇಲಿ ಐದು ಜನಕ್ಕೆ ಆರು ರೋಟಿ ಚನಾಯ್ ತಗೊಂಡ್ವಿ, ಅದು ನಮ್ ಪರೋಟ ತರಾನೇ, ದಾಲ್ ಜೊತೆ ಕೊಡ್ತಾರೆ. ದೊಡ್ಡೋನು ಎರಡು ತಿಂದ. ಚಿಕ್ಕೋಳಿಗೆ ಏಳು ವರ್ಷ, ಒಂದು ತಿಂದು ತಟ್ಟೆ ಪಕ್ಕಕ್ಕಿಟ್ಟು ‘ಅಮ್ಮ ನಂಗೆ ಸಾಕು, ನೀನ್ ತಿನ್ನು’ ಅಂದ್ಳು. ಮನೇಲಿ ಮೂರು ತಿನ್ನೋ ಮಗು ಸಾರ್ ಅದು. ದೊಡ್ಡೋರ ಮಾತು ಕೇಳಿಸ್ಕೊಂಡಿತ್ತು. ಇದನ್ನ ಬರೆಯುವಾಗ್ಲೂ ನಂಗೆ ಕಣ್ಣು ತುಂಬತ್ತೆ, ಇದಕ್ಕೆ ನಿಮ್ಮ ಆ್ಯಪ್‌ನಲ್ಲಿ ಯಾವ ಕಾಲಂನೂ ಇಲ್ಲ.

ಮಾರನೇ ದಿನ ಬೆಳಿಗ್ಗೆಯಿಂದ ಬ್ರಾಂಚಿಗೆ ಫೋನ್ ಮಾಡ್ಬೇಕು ಅಂತ ಕಾದ್ವಿ, ಅಲ್ಲಿ ಟೈಮು ನಮ್ಮಿಂದ ಎರಡೂವರೆ ಗಂಟೆ ಮುಂದೆ, ನೀವು ಹತ್ತಕ್ಕೆ ಬಾಗ್ಲು ತೆಗೆಯೋ ಹೊತ್ತಿಗೆ ನಮಗೆ ಹನ್ನೆರಡೂವರೆ. ನನ್ನ ತಮ್ಮ ಖುದ್ದು ಬ್ರಾಂಚಿಗೆ ಬಂದು ನಿಂತ್ರೆ, ಕಾರ್ಡ್ ಯಾರ ಹೆಸರಲ್ಲಿದ್ಯೋ ಅವ್ರೇ ಬರ್ಬೇಕು ಅಂದ್ರಂತೆ. ನಾವು ಪೆನಾಂಗ್‌ನಲ್ಲಿ ಕೂತಿದೀವಿ, ಹೆಂಗೆ ಬರೋದು? ಕೊನೆಗೆ ಅವ್ನೇ ಯಜಮಾನ್ರ ನಂಬರ್‌ಗೆ 3,000 ರೂಪಾಯಿ ರೋಮಿಂಗ್ ಪ್ಯಾಕ್ ಹಾಕ್ಸಿದ, ಆ ಸಿಮ್‌ಗೆ ಒಟಿಪಿ ಬಂತು, ಆ ಡೆಬಿಟ್ ಕಾರ್ಡ್ ಆನ್ ಆಯ್ತು, ಎಟಿಎಂನಿಂದ ದುಡ್ಡು ತೆಗೆದು ಹೋಟೆಲ್‌ಗೆ ಕಟ್ಟಿದ್ವಿ. ಆಮೇಲಿನ ಎರಡು ದಿನ ಎಲ್ಲೂ ಸುತ್ತಲಿಲ್ಲ, ಮನಸ್ಸೇ ಇರ್ಲಿಲ್ಲ.

ನಿಮ್ಮ ಹೋಲ್ಡ್ ಬಿಟ್ಟಿದ್ದು ನಾವು ಕೌಲಾಲಂಪುರದ ಹೋಟೆಲ್ ಬಿಟ್ಟ 17 ದಿನಕ್ಕೆ. ಹೋಟೆಲ್‌ನೋರೇ ಬಿಡುಗಡೆ ಮಾಡಿಲ್ಲ ಅಂತ ನಿಮ್ಮ ಒಂದೇ ಒಂದು ಇಮೇಲ್ ಬಂತು. ನಾನು ಆ ಹೋಟೆಲ್‌ಗೆ ಬರೆದು ಕೇಳ್ದೆ, ಚೆಕ್ ಔಟ್ ದಿನವೇ ಬಿಟ್ಟಿದೀವಿ ಅಂತ ಅಪ್ರೂವಲ್ ಕೋಡ್ ಸಮೇತ ಉತ್ತರ ಕಳಿಸಿದಾರೆ, ಜೊತೆಗೆ ಲಗತ್ತಿಸಿದೀನಿ. ಅದಕ್ಕೆ ನಿಮ್ಮಿಂದ ಉತ್ತರ ಇಲ್ಲ. ಇನ್ನೂ ಬೇಜಾರಾಗಿದ್ದು, ಉಳಿದ ಸುಮಾರು 600 ಡಾಲರ್ ವಾಪಸ್ ರೂಪಾಯಿ ಮಾಡಿದಾಗ ನೀವು ಕೊಟ್ಟಿದ್ದು 86.20. ಅಲ್ಲೇ 2,100 ರೂಪಾಯಿ ಲಾಸು. ಆ ದುಡ್ಡು ನಾವು ಖರ್ಚು ಮಾಡದೇ ಉಳಿಸಿದ್ದಲ್ಲ, ನೀವು ಖರ್ಚು ಮಾಡೋಕೆ ಬಿಡದೇ ಉಳಿದಿದ್ದು. ಇದಲ್ಲದೆ ನಿಮ್ಮ ಕಾರ್ಡಲ್ಲಿ ರಿಂಗಿಟ್ಟನ್ನೇ ತುಂಬಿಸಿಡೋ ವ್ಯಾಲೆಟ್ಟೇ ಇಲ್ಲ, ಡಾಲರಿಂದ ರಿಂಗಿಟ್‌ಗೆ ಪ್ರತಿ ಸಲ 3.5 ಪರ್ಸೆಂಟ್ ಕಟ್ ಆಗಿದೆ, ಒಟ್ಟು 23 ಡಾಲರ್ ಮೇಲೆ. ಮಲೇಷಿಯಾಗೆ ಹೋಗ್ತಿದೀವಿ ಅಂತ ಟಿಕೆಟ್ ಝೆರಾಕ್ಸ್ ಕೊಟ್ಟೇ ಕಾರ್ಡ್ ಮಾಡ್ಸಿದ್ದು, ಅವತ್ತೇ ಹೇಳ್ಬಹುದಿತ್ತಲ್ವಾ.

ಎಟಿಎಂನಲ್ಲಿ ದುಡ್ಡು ಬರದೆ ಅಕೌಂಟಲ್ಲಿ ಕಟ್ ಆದ್ರೆ 5 ದಿನದೊಳಗೆ ವಾಪಸ್ ಹಾಕ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಅನ್ನೋ 2019ರ ಆರ್‌ಬಿಐ ಸುತ್ತೋಲೆ ದೇಶದೊಳಗಿನ ವ್ಯವಹಾರಕ್ಕೆ ಮಾತ್ರ ಅಂತ ನಂಗೂ ಗೊತ್ತು, ಅದನ್ನ ನಾನು ಕೇಳ್ತಿಲ್ಲ. ನಾನು ಕೇಳ್ತಿರೋದು ರೇಟಲ್ಲಿ ಕಳ್ಕೊಂಡ 2,100, ಹೇಳದೇ ಕಟ್ ಮಾಡಿದ ಆ 23 ಡಾಲರ್, ರೋಮಿಂಗ್‌ನ 3,000, ಇಷ್ಟೇ. ಮತ್ತೆ ಹೋಟೆಲ್ ಬಿಟ್ಟ ಹೋಲ್ಡ್ ನಿಮ್ಮಲ್ಲಿ 17 ದಿನ ಯಾಕೆ ಕೂತಿತ್ತು ಅಂತ ಬರವಣಿಗೇಲಿ ಉತ್ತರ. ಫಾರೆಕ್ಸ್ ಕಾರ್ಡ್ ಕೊಡುವಾಗ ಒಂದು ಹಾಳೇಲಿ ಕನ್ನಡದಲ್ಲಿ ಈ ಹೋಲ್ಡ್ ವಿಷಯ, ಒಟಿಪಿಗೆ ರೋಮಿಂಗ್ ಬೇಕು ಅನ್ನೋ ವಿಷಯ, ಹೊರಗಿಂದ ಹೋಗೋ ಫೋನ್ ನಂಬರ್, ಇಷ್ಟು ಬರೆದು ಕೊಡಿ. ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ ಬರೋ ಬೇಸಿಗೇಲಿ ಮನೆಯೋರ್ನೆಲ್ಲ ಕರ್ಕೊಂಡು ಹೊರಡ್ತಿದಾರೆ, ಅವ್ರೂ ನಿಮ್ಮ ಬ್ರಾಂಚಿಗೇ ಬರೋರು.

ಮೊದಲ ದೂರು ಹಾಕಿ 30 ದಿನ ಕಳೆದಿದೆ, ಹಾಗಾಗಿ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗೋ ಹಕ್ಕು ನನಗೀಗ ಇದೆ. ಆದ್ರೂ ಈ ವಾರ ಪೂರ್ತಿ ನಿಮ್ಮ ಉತ್ತರಕ್ಕೆ ಕಾಯ್ತೀನಿ, ಸೋಮವಾರ ಅಲ್ಲಿಗೆ ಹಾಕ್ತೀನಿ. ಮೂರು ಡಿಕ್ಲೈನ್ ಚೀಟಿ, ಹೋಟೆಲ್ ಇಮೇಲ್, ಕಾರ್ಡ್ ಸ್ಟೇಟ್‌ಮೆಂಟ್ ಜೊತೆಗಿದೆ. ಫೋನ್ ಮಾಡೋದಾದ್ರೆ ಸ್ಕೂಲ್ ಬಿಟ್ಟ ಮೇಲೆ, ನಾಲ್ಕೂವರೆ ನಂತರ ಮಾಡಿ, ಕನ್ನಡ ಬರೋರ ಕೈಲಿ ಮಾಡ್ಸಿ.

ಇಂತಿ,
ನಿಮ್ಮ ಗ್ರಾಹಕಿ, ಮಂಡ್ಯ