‘ನಮ’, ‘ಎಂಕುಲು’ ಎರಡೂ ‘ನಾವು’ ಆದಾಗ

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಅನುವಾದವೆಂದರೆ ಇಂದಿಗೂ ಇಂಗ್ಲಿಷ್ ವಾಕ್ಯಕ್ಕೆ ಕನ್ನಡ ಅರ್ಥ ಬರೆಸುವುದು. ಮನೆಯಲ್ಲಿ ಬೇರೆ ನುಡಿಯಾಡುವ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅವರ ಮನೆಮಾತಿನ ಹಾಡುಗಳನ್ನು ಮೂರನೇ ತರಗತಿಯಿಂದಲೇ ಎಲ್ಲರೂ ಸೇರಿ ಕನ್ನಡಕ್ಕೆ ತರಬಹುದು.

ಆರರಿಂದ ಎಂಟು ಸಾಲು ಸಾಕು. ಲಾಲಿ, ಆಟದ ಹಾಡು ಒಳ್ಳೆಯದು. ಗಾದೆಯಿಂದ ಶುರು ಮಾಡಬೇಡಿ: ಕನ್ನಡದಲ್ಲಿ ಸಿದ್ಧವಾಗಿರುವ ಗಾದೆಯನ್ನೇ ಬರೆದು ಮಕ್ಕಳು ಕೈತೊಳೆದುಕೊಳ್ಳುತ್ತಾರೆ. ಮೂಲದ ಲಿಪಿ ಬಾರದಿದ್ದರೆ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯ, ಶಿಕ್ಷಕರು ಹಿಂದಿನ ದಿನವೇ ಸಿದ್ಧಪಡಿಸಬೇಕಾದ ಪದಪಟ್ಟಿ. ಪ್ರತಿ ಪದದ ಕೆಳಗೆ ಎರಡು ಮೂರು ಅರ್ಥಗಳಿರಲಿ. ಅದಿಲ್ಲದಿದ್ದರೆ ಆ ನುಡಿಯ ಮಗುವೇ ತರಗತಿಗೆ ನಿಘಂಟಾಗಬೇಕಾಗುತ್ತದೆ. ಎಷ್ಟೋ ಮಕ್ಕಳಿಗೆ ಮನೆಮಾತು ಕೇಳಿದರೆ ತಿಳಿಯುತ್ತದೆ, ಬಿಡಿಸಿ ಹೇಳಲು ಬರುವುದಿಲ್ಲ. ಎಲ್ಲರೆದುರು ತಡವರಿಸಿದ ಮಗು ಮರುದಿನ ‘ನನಗೆ ಆ ಭಾಷೆ ಬರೋದೇ ಇಲ್ಲ’ ಎಂದುಬಿಡುತ್ತದೆ. ಆ ನಷ್ಟ ದೊಡ್ಡದು.

40 ನಿಮಿಷದ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಹಾಳೆ ಮುಚ್ಚಿಟ್ಟು ಹಾಡು ಕೇಳಲಿ, ತಾಳ ಹಾಕಲಿ. ಮುಂದಿನ ಇಪ್ಪತ್ತು ನಿಮಿಷ ಮೂರು ನಾಲ್ಕು ಜನರ ಗುಂಪಿನಲ್ಲಿ ಬರೆಯಲಿ. ಉಳಿದದ್ದು ಗಟ್ಟಿಯಾಗಿ ಓದುವುದಕ್ಕೆ.

ನಿಜವಾದ ಪಾಠ ಸಿಗುವುದು ಪದ ಸಿಕ್ಕಿಕೊಂಡಲ್ಲಿ. ತುಳುವಿನ ‘ನಮ’ದಲ್ಲಿ ಕೇಳುವವರೂ ಸೇರಿದ್ದಾರೆ, ‘ಎಂಕುಲು’ ಎಂದರೆ ಅವರು ಹೊರಗೆ. ಕನ್ನಡದಲ್ಲಿ ಎರಡೂ ‘ನಾವು’. ‘ನೀನೂ ನಾನೂ’ ಎನ್ನೋಣವೇ, ‘ನಾವಷ್ಟೇ’ ಎಂದರೆ ತಾಳಕ್ಕೆ ಕೂಡುತ್ತದೆಯೇ ಎಂದು ಮಕ್ಕಳು ಬಾಯಲ್ಲಿ ಹೇಳಿ ನೋಡಬೇಕು. ಉರ್ದುವಿನ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ನೋಡಿಯೇ ತೀರ್ಮಾನಿಸಬೇಕು. ಮೊಬೈಲ್‌ನಲ್ಲಿ ಸಿದ್ಧ ಅನುವಾದ ತೋರಿಸಿದರೆ ಈ ಹುಡುಕಾಟವೇ ಇಲ್ಲವಾಗುತ್ತದೆ.

ಮೊದಲ ಕೆಲವು ವಾರ ಪ್ರಾಸ ಕೇಳಬೇಡಿ. ಪ್ರಾಸದ ಹಟಕ್ಕೆ ಬಿದ್ದರೆ ಮೂಲದಲ್ಲಿಲ್ಲದ ಗಿಳಿ, ಮಳೆ ಎಲ್ಲ ಪದ್ಯದೊಳಗೆ ನುಗ್ಗುತ್ತವೆ. ಅಂಕವೂ ಬೇಡ, ಒಂದಕ್ಕೆ ‘ಸರಿ’ ಗುರುತು ಹಾಕಿದೊಡನೆ ಉಳಿದ ಗುಂಪುಗಳು ತಮ್ಮದನ್ನು ಅಳಿಸಿಬಿಡುತ್ತವೆ. ‘ಈ ಪದವೇ ಏಕೆ?’ ಎಂದು ಕೇಳಿದರೆ ಸಾಕು.

ಗೋಡೆಗೆ ಅಂಟಿಸುವಾಗ ಮೂಲ ಹಾಡು ಮೇಲಿರಲಿ, ಎಲ್ಲ ಗುಂಪುಗಳ ಅನುವಾದ ಕೆಳಗಿರಲಿ. ಅನುವಾದಿಸಿದ ಮಕ್ಕಳ ಹೆಸರಿನ ಜೊತೆ ಹಾಡು ಹೇಳಿಕೊಟ್ಟ ಅಜ್ಜಿಯ ಹೆಸರನ್ನೂ ಬರೆಯಿರಿ.

– ಪ್ರಾಥಮಿಕ ಶಾಲಾ ಭಾಷಾ ಶಿಕ್ಷಕರು