‘ಒಟಿಪಿ ಹೇಳಬೇಡಿ’ ಎಂದರೆ ಸಾಲದು, ಯಾವ ಒಟಿಪಿ ಎಂದು ಬಿಡಿಸಿ ಹೇಳಿ

ಮಾನ್ಯರೇ,

ಸೈಬರ್ ವಂಚನೆಯ ಸುದ್ದಿ ಯಾವ ಪತ್ರಿಕೆಯಲ್ಲಿ ಬಂದರೂ ಕೊನೆಯ ಸಾಲು ಒಂದೇ: ‘ಯಾರಿಗೂ ಒಟಿಪಿ ಹೇಳಬೇಡಿ.’ ಓದಿದವರು ತಲೆಯಾಡಿಸುತ್ತಾರೆ. ಮರುದಿನ ಅಮೆಜಾನ್‌ನಿಂದಲೋ ಫ್ಲಿಪ್‌ಕಾರ್ಟ್‌ನಿಂದಲೋ ಬಂದ ಹುಡುಗ ಪಾರ್ಸೆಲ್ ಹಿಡಿದು ಬಾಗಿಲಲ್ಲಿ ನಿಂತು ‘ಒಟಿಪಿ ಹೇಳಿ ಮೇಡಂ’ ಎನ್ನುತ್ತಾನೆ. ಹೇಳದಿದ್ದರೆ ಸಾಮಾನು ಕೈಗೆ ಬರುವುದಿಲ್ಲ. ಹೀಗೆ ಒಟಿಪಿ ಹೇಳುವುದು ದಿನನಿತ್ಯದ ರೂಢಿಯಾಗಿಬಿಟ್ಟಿದೆ. ಇದೇ ಕಂಪನಿಗಳ ಹೆಸರು ಹೇಳಿಕೊಂಡು ಕರೆ ಮಾಡುವ ಕಳ್ಳನಿಗೆ ಬೇಕಾದದ್ದೂ ಆ ರೂಢಿಯೇ.

ಆದ್ದರಿಂದ ಜನರಿಗೆ ತಿಳಿಸಬೇಕಾದದ್ದು ಒಟಿಪಿಗಳ ನಡುವಿನ ವ್ಯತ್ಯಾಸ. ಬೆಲೆಬಾಳುವ ಸಾಮಾನಿಗೆ ಬರುವ ಡೆಲಿವರಿ ಒಟಿಪಿ ಒಂದು ಬಗೆ. ಪಾರ್ಸೆಲ್ ಕಣ್ಣೆದುರಿಗಿದ್ದಾಗ, ಅದು ನೀವೇ ತರಿಸಿದ್ದಾದರೆ, ಎದುರು ನಿಂತವನಿಗೆ ಬಾಯಲ್ಲಿ ಹೇಳುವಂಥದ್ದು. ಡಬ್ಬ ಬಿಚ್ಚಿ ತೋರಿಸುವ ‘ಓಪನ್ ಬಾಕ್ಸ್’ ಡೆಲಿವರಿಯಾದರೆ ಒಳಗಿನ ಸಾಮಾನು ನೋಡಿದ ಮೇಲೆಯೇ ಹೇಳಬೇಕು. ಎರಡನೆಯದು ಲಾಗಿನ್ ಒಟಿಪಿ, ಅಂದರೆ ನಿಮ್ಮ ಖಾತೆಯ ಬೀಗದ ಕೈ. ಮೂರನೆಯದು ಬ್ಯಾಂಕಿನದು, ಹಣ ಪಾವತಿಯದಾದರೆ ಅದರಲ್ಲಿ ಸಾಮಾನ್ಯವಾಗಿ ಮೊತ್ತ ಬರೆದಿರುತ್ತದೆ. ನಾಲ್ಕನೆಯದು ಹೊಸ ಫೋನಿನಲ್ಲಿ ನಿಮ್ಮ ಖಾತೆ ತೆರೆಯಲು ವಾಟ್ಸ್‌ಆ್ಯಪ್ ಕಳಿಸುವ ಆರು ಅಂಕಿ. ಮೊದಲನೆಯದನ್ನು ಬಿಟ್ಟು ಉಳಿದ ಮೂರನ್ನೂ ಇನ್ನೊಬ್ಬರಿಗೆ ಹೇಳುವ ಸಂದರ್ಭವೇ ಇಲ್ಲ. ಮೊದಲನೆಯದನ್ನೂ ಫೋನಿನಲ್ಲಿ ಹೇಳಕೂಡದು. ಮನೆಗೆ ಬಾರದವನಿಗೆ ಅದು ಯಾಕೆ ಬೇಕು?

ಈಗ ಹೆಚ್ಚು ಚಾಲ್ತಿಯಲ್ಲಿರುವುದು ‘ರದ್ದು’ ಮಾಡುವ ಆಟ. ‘ನಿಮ್ಮ ಹೆಸರಿಗೆ ಕ್ಯಾಷ್ ಆನ್ ಡೆಲಿವರಿ ಪಾರ್ಸೆಲ್ ಬಂದಿದೆ’ ಎಂದು ಕರೆ ಬರುತ್ತದೆ. ನಾವು ತರಿಸಿಲ್ಲ ಎಂದರೆ ಆತ ವಾದ ಮಾಡುವುದಿಲ್ಲ, ಬಹಳ ವಿನಯದಿಂದ ‘ಹಾಗಾದರೆ ಕ್ಯಾನ್ಸಲ್ ಮಾಡುತ್ತೇನೆ, ಒಂದು ಒಟಿಪಿ ಬರುತ್ತದೆ ಹೇಳಿ’ ಎನ್ನುತ್ತಾನೆ. ಅಷ್ಟರಲ್ಲಿ ಅವನು ನಿಮ್ಮ ನಂಬರನ್ನು ಲಾಗಿನ್ ಪುಟದಲ್ಲೋ ಹಣ ಪಾವತಿಯ ಪುಟದಲ್ಲೋ ಒತ್ತಿರುತ್ತಾನೆ. ಬರುವ ಸಂದೇಶ ನಿಜವಾದ ಕಂಪನಿಯದೇ, ನಿಜವಾದ ಬ್ಯಾಂಕಿನದೇ. ಅದಕ್ಕೇ ಜನ ನಂಬುವುದು. ಕೆಲವು ಕೊರಿಯರ್‌ಗಳು ಡೆಲಿವರಿ ಬೇಡವೆಂದವರಿಗೆ ನಿಜವಾಗಿಯೂ ಸಂಕೇತ ಕಳಿಸುತ್ತವೆ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಆದರೆ ನೀವು ತರಿಸದೇ ಇರುವ ಸಾಮಾನನ್ನು ರದ್ದು ಮಾಡುವ ಹೊಣೆ ನಿಮ್ಮದಲ್ಲ. ‘ಬೇಡ’ ಎಂದು ಫೋನ್ ಇಟ್ಟರೆ ಮುಗಿಯಿತು, ವಾಪಸ್ ಕಳಿಸುವುದು ಅವರ ಪಾಡು.

ಇದಕ್ಕಿಂತ ನಾಜೂಕಾದದ್ದು ಕರೆ ತಿರುಗಿಸುವ ತಂತ್ರ. ಇದರಲ್ಲಿ ಒಟಿಪಿ ಕೇಳುವುದೇ ಇಲ್ಲ. ‘ಡೆಲಿವರಿ ಹುಡುಗನಿಗೆ ನಿಮ್ಮ ಮನೆ ಸಿಗುತ್ತಿಲ್ಲ, ಈ ನಂಬರಿಗೆ ಡಯಲ್ ಮಾಡಿ’ ಎಂದು *401* ಎಂದು ಶುರುವಾಗಿ ಹತ್ತು ಅಂಕಿಯ ಮೊಬೈಲ್ ನಂಬರಿನಲ್ಲಿ ಮುಗಿಯುವ ಸಂಕೇತ ಒತ್ತಿಸುತ್ತಾರೆ. ಒತ್ತಿದೊಡನೆ ನಿಮಗೆ ಬರುವ ಕರೆಗಳೆಲ್ಲ ಕಳ್ಳನ ಫೋನಿಗೆ ಹೋಗುತ್ತವೆ. ಎಸ್‌ಎಂಎಸ್ ಹೋಗುವುದಿಲ್ಲ, ಕರೆ ಮಾತ್ರ. ಅವನಿಗೆ ಅಷ್ಟೇ ಸಾಕು, ಏಕೆಂದರೆ ವಾಟ್ಸ್‌ಆ್ಯಪ್ ತನ್ನ ಆರು ಅಂಕಿಯನ್ನು ಕರೆ ಮಾಡಿಯೂ ಹೇಳುತ್ತದೆ. ಖಾತೆ ಅವನ ಕೈಸೇರುತ್ತದೆ, ನಿಮ್ಮ ನೆಂಟರಿಷ್ಟರಿಗೆಲ್ಲ ‘ಅರ್ಜೆಂಟ್, ಹಣ ಹಾಕಿ’ ಎಂದು ನಿಮ್ಮ ಫೋಟೊ ಸಮೇತ ಸಂದೇಶ ಹೋಗುತ್ತದೆ. 2024ರ ಏಪ್ರಿಲ್ 15ರಿಂದ *401# ಸೇವೆ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತ್ತು. ಆದರೆ 21, 61, 67 ಎಂಬ ಅಂಕಿಗಳಿರುವ ಸಂಕೇತಗಳೂ ಕರೆ ತಿರುಗಿಸುವ ಕೆಲಸವನ್ನೇ ಮಾಡುತ್ತವೆ. ಯಾರಾದರೂ ನಕ್ಷತ್ರ, ಹ್ಯಾಷ್ ಇರುವ ಏನನ್ನಾದರೂ ಒತ್ತಿಸಿದ್ದರೆ ಕೂಡಲೇ ##002# ಡಯಲ್ ಮಾಡಿ. ಎಲ್ಲ ಬಗೆಯ ಫಾರ್ವರ್ಡಿಂಗ್ ರದ್ದಾಗುತ್ತದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಟೂ-ಸ್ಟೆಪ್ ವೆರಿಫಿಕೇಷನ್’ ಪಿನ್ ಇಟ್ಟುಕೊಂಡರೆ ಬರೀ ಆರು ಅಂಕಿ ಸಿಕ್ಕಿ ಅವನಿಗೆ ಪ್ರಯೋಜನವಿಲ್ಲ.

ನಮ್ಮ ಹೆಸರು, ಮನೆ, ಏನು ತರಿಸಿದ್ದೆವು ಎಂಬುದೆಲ್ಲ ಅವರಿಗೆ ಹೇಗೆ ಗೊತ್ತು ಎಂದು ಜನ ಕೇಳುತ್ತಾರೆ. ಒಂದು ದಾರಿ ನಮ್ಮದೇ ಕಸದ ಬುಟ್ಟಿ. ರಟ್ಟಿನ ಡಬ್ಬದ ಮೇಲಿನ ಲೇಬಲ್‌ನಲ್ಲಿ ಹೆಸರು, ವಿಳಾಸ, ಆರ್ಡರ್ ಸಂಖ್ಯೆ, ಕೆಲವೊಮ್ಮೆ ಫೋನ್ ನಂಬರೂ ಇರುತ್ತದೆ. ಅದನ್ನು ಕಿತ್ತು ಚೂರು ಮಾಡಿ ಎಸೆಯಿರಿ. ಬಹುತೇಕ ಲೇಬಲ್‌ಗಳು ಥರ್ಮಲ್ ಕಾಗದದವು. ಸ್ಯಾನಿಟೈಸರ್ ಸವರಿದರೆ ಅಕ್ಷರ ಅಳಿಸಿಹೋಗುತ್ತದೆ, ಇಲ್ಲವೇ ಕಾಗದವೇ ಕಪ್ಪಾಗುತ್ತದೆ. ಕೊರೊನಾ ಕಾಲದ ಬಾಟಲಿಗಳು ಇನ್ನೂ ಅನೇಕ ಮನೆಗಳಲ್ಲಿ ಉಳಿದಿವೆ, ಅವಕ್ಕೊಂದು ಕೆಲಸ ಸಿಕ್ಕಿದಂತಾಯಿತು.

ಕ್ಯಾಷ್ ಆನ್ ಡೆಲಿವರಿ ಹೆಸರಿನಲ್ಲಿ ಹಳೆ ಬಟ್ಟೆ, ಇಟ್ಟಿಗೆ ತುಂಡು ಕಳಿಸಿ ಐನೂರೋ ಸಾವಿರವೋ ವಸೂಲು ಮಾಡುವುದು ಇನ್ನೊಂದು ಬಗೆ. ಮಕ್ಕಳು ಆಫೀಸಿನಲ್ಲಿದ್ದಾಗ ಮನೆಯಲ್ಲಿರುವ ಹಿರಿಯರು ‘ಮಗನೇ ತರಿಸಿರಬೇಕು’ ಎಂದು ಹಣ ಕೊಡುತ್ತಾರೆ. ಆ್ಯಪ್‌ನ ‘ಆರ್ಡರ್ಸ್’ ಪಟ್ಟಿಯಲ್ಲಿ ಇಲ್ಲದ ಪಾರ್ಸೆಲ್‌ಗೆ ಹಣ ಕೊಡಬೇಡಿ, ಇಷ್ಟೇ. ಕೊಟ್ಟಾಗಿದ್ದರೆ ಸುಮ್ಮನೆ ಕೂರಬೇಡಿ. ಕೊರಿಯರ್ ಕಂಪನಿ ಆ ನಗದನ್ನು ಕಳಿಸಿದವನಿಗೆ ಮುಟ್ಟಿಸುವುದು ಸಾಮಾನ್ಯವಾಗಿ ಕೆಲವು ದಿನಗಳ ನಂತರ. ಲೇಬಲ್ ಮೇಲಿನ ಟ್ರ್ಯಾಕಿಂಗ್ ಸಂಖ್ಯೆ ಮತ್ತು ಒಳಗಿದ್ದ ವಸ್ತುವಿನ ಫೋಟೊ ಸಹಿತ ಅದೇ ದಿನ ಕೊರಿಯರ್ ಕಂಪನಿಗೆ ದೂರು ಕೊಟ್ಟರೆ ಹಣ ತಡೆಯುವ ಅವಕಾಶ ಇನ್ನೂ ಇರುತ್ತದೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವವರದು ಬೇರೆಯೇ ಕತೆ. ಹುಡುಕಾಟದಲ್ಲಿ ಮೇಲೆ ಬರುವುದು ಜಾಹೀರಾತಾಗಿರಬಹುದು. ಜಾಹೀರಾತಿಗೆ ಹಣ ಕಟ್ಟಿದವನು ಕಳ್ಳನೇ ಆಗಿರಬಹುದು. ಇಲ್ಲಿ ಕಳ್ಳ ನಮ್ಮನ್ನು ಹುಡುಕಿ ಬರುವುದಿಲ್ಲ, ನಾವೇ ಕೇಳಿಕೊಂಡು ಹೋಗುತ್ತೇವೆ. ಆ್ಯಪ್ ಒಳಗಿನ ‘ಹೆಲ್ಪ್’ ವಿಭಾಗದಿಂದಲೇ ಕಂಪನಿಯನ್ನು ಸಂಪರ್ಕಿಸಬೇಕು, ಬೇರೆ ದಾರಿ ಬೇಡ. ರೀಫಂಡ್ ಬರುವುದು ಹಣ ಯಾವುದರಿಂದ ಹೋಗಿತ್ತೋ ಅದಕ್ಕೇ. ನಗದು ಕೊಟ್ಟು ಕೊಂಡಿದ್ದರೆ ಖಾತೆ ಸಂಖ್ಯೆಯನ್ನೋ ಯುಪಿಐ ಐಡಿಯನ್ನೋ ಆ್ಯಪ್‌ನಲ್ಲಿ ನಾವೇ ತುಂಬುತ್ತೇವೆ. ಅದಕ್ಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

‘ರೀಫಂಡ್ ಫಾರಂ ತುಂಬಲು ಈ ಆ್ಯಪ್ ಹಾಕಿಕೊಳ್ಳಿ’ ಎಂದರೆ ಅದು ನಿಮ್ಮ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ಎನಿಡೆಸ್ಕ್ ಎಂಬ ಅಂಥದೊಂದು ಆ್ಯಪ್ ಬಳಸಿ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಈಗ ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಆಗಿ ಫೋನಿಗೆ ಸೇರುವ ಕಡತ) ಕಳಿಸುತ್ತಾರೆ. ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿಯನ್ನು ನೀವು ಹೇಳಬೇಕಾದ್ದೇ ಇಲ್ಲ, ತಾನೇ ಹೋಗಿ ಸೇರುತ್ತದೆ. ಗೊತ್ತಿಲ್ಲದೆ ಹಾಕಿಕೊಂಡಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಆ್ಯಪ್ ಅಳಿಸುವುದು ಆಮೇಲೆ. ಅನೇಕರು ಇದನ್ನು ಹಿಂದುಮುಂದು ಮಾಡಿ, ಅಳಿಸಲು ಒದ್ದಾಡುತ್ತಿರುವಾಗಲೇ ಖಾತೆ ಬರಿದಾಗಿರುತ್ತದೆ.

ಇನ್ನು ಲಿಂಕ್‌ಗಳು. ಹಬ್ಬದ ಸೇಲ್ ಬಂದರೆ ‘90% ರಿಯಾಯಿತಿ’ಯ ಸಂದೇಶಗಳು ಕುಟುಂಬದ ಗ್ರೂಪ್‌ಗಳಲ್ಲಿ ಶುಭೋದಯದ ಹೂಗಳಿಗಿಂತ ವೇಗವಾಗಿ ಹರಿದಾಡುತ್ತವೆ. ವಿಳಾಸದಲ್ಲಿ ಎಲ್ಲೋ ‘ಅಮೆಜಾನ್’ ಎಂದಿದ್ದರೆ ಸಾಲದು. ಶುರುವಿನ ಜೋಡಿ ಗೆರೆಗಳನ್ನು (//) ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯ (/) ಎಡಕ್ಕೆ ಅಂಟಿಕೊಂಡಿರುವ, ಚುಕ್ಕೆಯಿಂದ ಬೇರಾದ ಕೊನೆಯ ಎರಡು ತುಂಡುಗಳೇ ಸಾಮಾನ್ಯವಾಗಿ ನಿಜವಾದ ಯಜಮಾನನ ಹೆಸರು. ‘ಅಮೆಜಾನ್ ಡಾಟ್ ಇನ್’ ಎಂದು ಅಲ್ಲಿ ಮುಗಿದರೆ ಸರಿ. ‘ಅಮೆಜಾನ್ ಡಾಟ್ ಇನ್ ಡಾಟ್ ಸೇಲ್‌ಆಫರ್ ಡಾಟ್ ಎಕ್ಸ್‌ವೈಝಡ್’ ಎಂದಿದ್ದರೆ ಆ ಪುಟದ ಒಡೆಯ ಸೇಲ್‌ಆಫರ್, ಅಮೆಜಾನ್ ಅಲ್ಲ. ಕೆಲವು ಬ್ರೌಸರ್‌ಗಳಲ್ಲಿ ಪಕ್ಕಕ್ಕೆ ಕಾಣುವ ಬೀಗದ ಚಿತ್ರ ಸಂಪರ್ಕ ಗುಪ್ತವಾಗಿದೆ ಎಂದಷ್ಟೇ ಹೇಳುತ್ತದೆ, ಆಚೆ ಕೂತವನು ಪ್ರಾಮಾಣಿಕ ಎಂದಲ್ಲ.

ಎಸ್‌ಎಂಎಸ್ ಆದರೆ ಕಳಿಸಿದವರ ಹೆಸರು ನೋಡಿ. ಕಂಪನಿಗಳ ಸಂದೇಶ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ನೋಂದಾಯಿತ ಅಕ್ಷರಗಳ ಹೆಸರಿನಿಂದ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2025ರ ತಿದ್ದುಪಡಿಯ ನಂತರ ಆ ಹೆಸರಿನ ಕೊನೆಗೆ ಗೆರೆ ಎಳೆದು ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ: ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ವ್ಯವಹಾರ, ಜಿ ಎಂದರೆ ಸರ್ಕಾರ. ‘ವಿಳಾಸ ಅಪೂರ್ಣ, ಪಾರ್ಸೆಲ್ ಗೋದಾಮಿನಲ್ಲಿದೆ’ ಎಂದು ಯಾವುದೋ ಮೊಬೈಲ್ ನಂಬರಿನಿಂದ ಬಂದರೆ, ಅಂಚೆ ಇಲಾಖೆಯ ಹೆಸರಿದ್ದರೂ, ಅಳಿಸಿಬಿಡಿ.

ಹಳ್ಳಿಗಳಲ್ಲಿ ಮಾತ್ರ ಕಳ್ಳ ಇನ್ನೂ ಅಂಚೆಯಣ್ಣನ ಕೈಯಲ್ಲೇ ಬರುತ್ತಾನೆ. ದಪ್ಪ ಲಕೋಟೆ, ಪ್ರಸಿದ್ಧ ಆನ್‌ಲೈನ್ ಅಂಗಡಿಯ ಲಾಂಛನ, ಒಳಗೆ ಸ್ಕ್ರ್ಯಾಚ್ ಕಾರ್ಡು. ಕೆರೆದರೆ ಕಾರು ಬಂದಿದೆ. ಕಾರು ಬೇಡವೆಂದರೆ ಅಷ್ಟೇ ಬೆಲೆಯ ನಗದು. ಮೊದಲು ‘ಪ್ರೊಸೆಸಿಂಗ್ ಫೀ’ ಎಂದು ಕೆಲವೇ ಸಾವಿರ, ಆಮೇಲೆ ಜಿಎಸ್‌ಟಿ, ಆಮೇಲೆ ಆರ್‌ಟಿಒ, ಆಮೇಲೆ ಎನ್‌ಒಸಿ. ಪ್ರತಿ ಸಲವೂ ‘ಇದೇ ಕೊನೆ’. ಬಹುಮಾನಕ್ಕೆ 30% ಆದಾಯ ತೆರಿಗೆ ಇರುವುದು ನಿಜ, ಕಳ್ಳರು ಹಿಡಿದುಕೊಂಡಿರುವುದೂ ಆ ಅರ್ಧ ಸತ್ಯವನ್ನೇ. ಆದರೆ ನಗದು ಬಹುಮಾನವಾದರೆ ಕೊಡುವವರೇ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ವಸ್ತುವಾದರೂ ತೆರಿಗೆ ಸೇರುವುದು ಸರ್ಕಾರದ ಖಜಾನೆಗೆ. ಯಾರದೋ ಉಳಿತಾಯ ಖಾತೆಗೆ ಫೋನ್‌ಪೇ ಮಾಡಿ ಕಟ್ಟುವ ಆದಾಯ ತೆರಿಗೆ ಈ ದೇಶದಲ್ಲಿಲ್ಲ. ಲಕೋಟೆಯನ್ನು ಹರಿದು ಎಸೆಯಬೇಡಿ: ಸ್ಪೀಡ್ ಪೋಸ್ಟ್ ಆಗಿದ್ದರೆ ಅದರ ಮೇಲೆ 13 ಸ್ಥಾನಗಳ ಸಂಖ್ಯೆ ಇರುತ್ತದೆ, ಎಲ್ಲಿಂದ ಹಾಕಿದ್ದು ಎಂಬುದು ಅದರಿಂದ ಪೊಲೀಸರಿಗೆ ಸಿಗುತ್ತದೆ.

ಓದಿದ ಯುವಜನರು ಬೀಳುವ ಹಳ್ಳ ಬೇರೆ. ‘ಅಮೆಜಾನ್ ಉತ್ಪನ್ನಗಳಿಗೆ ರೇಟಿಂಗ್ ಕೊಡಿ, ಮನೆಯಲ್ಲೇ ಸಂಪಾದಿಸಿ’ ಎಂದು ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಮೊದಲ ದಿನ ನೂರೈವತ್ತೋ ಇನ್ನೂರೋ ನಿಜವಾಗಿಯೂ ಖಾತೆಗೆ ಬರುತ್ತದೆ. ನಂತರ ‘ಪ್ರೀಪೇಯ್ಡ್ ಟಾಸ್ಕ್’: ಸಾವಿರ ಹಾಕಿದರೆ ಸಾವಿರದ ಮುನ್ನೂರು. ಮೊತ್ತ ಏರುತ್ತಾ ಹೋಗಿ ಲಕ್ಷ ಮುಟ್ಟಿದಾಗ, ಪರದೆಯ ಮೇಲೆ ಲಾಭ ಕಾಣುತ್ತದೆ, ಕೈಗೆ ಬರುವುದಿಲ್ಲ. ಇಲ್ಲೊಂದು ಗಮನಿಸಬೇಕಾದ ವಿಷಯವಿದೆ. ಮೊದಲು ಬಂದ ಆ ಇನ್ನೂರು ಬಹಳ ಸಲ ಇನ್ನೊಬ್ಬ ಮೋಸಹೋದವನ ಹಣ. ಅವನು ದೂರು ಕೊಟ್ಟರೆ ಹಣದ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳುತ್ತದೆ. ಕಳೆದುಕೊಂಡವನೇ ಆರೋಪಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇದು ಹೊಸತಲ್ಲ. ಅಲ್ಲಿ ‘ನಿಮ್ಮ ಅಮೆಜಾನ್ ಖಾತೆಯಿಂದ ದುಬಾರಿ ಫೋನ್ ಖರೀದಿಯಾಗಿದೆ’ ಎಂದು ಹೆದರಿಸಿ ಗಿಫ್ಟ್ ಕಾರ್ಡ್ ಸಂಖ್ಯೆ ಕೇಳುತ್ತಾರೆ. 2020ರ ಜುಲೈನಿಂದ ಒಂದೇ ವರ್ಷದಲ್ಲಿ ಸುಮಾರು 96,000 ಜನ ಅಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ ಅಮೆಜಾನ್ ಹೆಸರಿನ ಸೋಗಿನ ಬಗ್ಗೆ ದೂರಿದ್ದರು. ಅಂಥ ಕರೆ ಮಾಡುವ ಕೆಲವು ಕೇಂದ್ರಗಳು ನಮ್ಮ ದೇಶದಲ್ಲೇ ಇದ್ದವು ಎಂಬುದು ನಾಚಿಕೆಯ ಸಂಗತಿ. 2023ರ ಅಕ್ಟೋಬರ್‌ನಲ್ಲಿ ಅಮೆಜಾನ್, ಮೈಕ್ರೊಸಾಫ್ಟ್‌ಗಳ ಸಹಕಾರದೊಂದಿಗೆ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಸೈಬರ್ ವಂಚಕರ ವಿರುದ್ಧದ ಕಾರ್ಯಾಚರಣೆಯಲ್ಲಿ 76 ಕಡೆ ಶೋಧ ನಡೆಸಿತ್ತು.

ಹಣ ಹೋದ ಮೇಲೆ ಮೊದಲು ಸ್ಟೇಷನ್‌ಗೆ ಓಡುವುದಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ನಾಲ್ಕಾರು ಬಾಡಿಗೆ ಖಾತೆ ದಾಟಿ ಎಟಿಎಂನಿಂದ ಹೊರಬೀಳುತ್ತದೆ. ಅಷ್ಟರೊಳಗೆ ತಡೆದರೆ ಉಂಟು, ಇಲ್ಲದಿದ್ದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ಸಮಯ ಮತ್ತು ಯುಪಿಐ ಆಗಿದ್ದರೆ 12 ಅಂಕಿಯ ಯುಟಿಆರ್ (ಆ ಪಾವತಿಯ ಗುರುತಿನ) ಸಂಖ್ಯೆ ಕೈಯಲ್ಲಿರಲಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ಣಗೊಳಿಸಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಠಾಣೆಗೆ ಹೋಗಿ. ನಿಜವಾದ ಕಂಪನಿಯೇ ಕೆಟ್ಟ ಸಾಮಾನು ಕೊಟ್ಟು ರೀಫಂಡ್ ಸತಾಯಿಸುತ್ತಿದ್ದರೆ ಅದಕ್ಕೆ ಬೇರೆ ನಂಬರು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಬ್ಯಾಂಕಿಗೆ ತಿಳಿಸುವುದನ್ನು ‘ನಾಳೆ ಹತ್ತು ಗಂಟೆಗೆ’ ಎಂದು ಮುಂದೂಡುವವರು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮವನ್ನು ತಿಳಿದಿರಬೇಕು. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ಒಟಿಪಿ ತಾನೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅಂದರೆ ಅರ್ಧರಾತ್ರಿಯ ಒಂದು ಕರೆಗೂ ಬೆಲೆಯಿದೆ. ದೂರಿನ ಸಂಖ್ಯೆ, ವೇಳೆ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ಒಂದು ಬೇಡಿಕೆ. ಮೇಲೆ ಹೇಳಿದ ಎಚ್ಚರಿಕೆಯೆಲ್ಲ ಸಂದೇಶವನ್ನು ಓದಬಲ್ಲವರಿಗೆ. ಒಟಿಪಿ ಸಂದೇಶಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾತ್ರ ಬಲ್ಲವರಿಗೆ ಅದರಲ್ಲಿ ತಿಳಿಯುವುದು ಅಂಕಿಯೊಂದೇ, ಕಳ್ಳ ಕೇಳುವುದೂ ಅದನ್ನೇ. ಕನ್ನಡದಲ್ಲಿ ಕಳಿಸಿದರೆ ಖರ್ಚು ಜಾಸ್ತಿ ಎಂಬ ಮಾತಿದೆ. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದ್ದರಲ್ಲಿ 70 ಮಾತ್ರ, ಗುಣಿತದ ಚಿಹ್ನೆಯೂ ಒತ್ತೂ ಬೇರೆ ಬೇರೆ ಅಕ್ಷರಗಳ ಲೆಕ್ಕ. ಇರಲಿ. ‘ಒಟಿಪಿ 482913. ₹18,999 ನಿಮ್ಮ ಖಾತೆಯಿಂದ ಹೋಗುತ್ತದೆ. ಯಾರಿಗೂ ಹೇಳಬೇಡಿ.’ ಖಾಲಿ ಜಾಗ, ಚುಕ್ಕೆ ಎಲ್ಲ ಸೇರಿಸಿ ಎಣಿಸಿದರೆ ಇದು 63. ‘ಪಾರ್ಸೆಲ್ ಎದುರಿಗೆ ಬಂದ ಮೇಲೆ ಮಾತ್ರ ಹೇಳಿ: 482913’ ಎಂಬುದು 44. ಎರಡೂ ಒಂದೊಂದು ಎಸ್‌ಎಂಎಸ್‌ನಲ್ಲಿ ಹಿಡಿಸುತ್ತವೆ. ಬ್ಯಾಂಕುಗಳೂ ಈ ದೊಡ್ಡ ಅಂಗಡಿಗಳೂ ಕರ್ನಾಟಕದ ಗ್ರಾಹಕರಿಗೆ ಇಷ್ಟನ್ನು ಯಾವತ್ತಿನಿಂದ ಕಳಿಸುತ್ತವೆ ಎಂದು ನಿಮ್ಮ ವರದಿಗಾರರು ಕೇಳಿ ಬರೆಯಲಿ.

ಇಂತಿ,
ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ