ಹದಿನಾಲ್ಕು ಅಂತ್ಯ ಬರೆದ ತಮ್ಮನಿಗೆ

ಚಿಕ್ಕಮಗಳೂರು

ಪ್ರಿಯ ತಮ್ಮ,

ಉಭಯ ಕುಶಲೋಪರಿ ಸಾಂಪ್ರತ. ಈ ಸಾಲು ಬರೆದು ಇಪ್ಪತ್ತು ವರ್ಷವಾದರೂ ಆಗಿರಬೇಕು, ಕೈ ಮರೆತಿಲ್ಲ. ನೀನು ಕಳುಹಿಸಿದ 140 ಪುಟಗಳ ಕಟ್ಟನ್ನು ನಾಲ್ಕು ದಿನದ ಮಳೆಯಲ್ಲಿ ಕೂತು ಓದಿದೆ. ಕರೆಂಟು ಇರಲಿಲ್ಲ, ಹಾಗಾಗಿ ಬೇರೆ ಕೆಲಸವೂ ಇರಲಿಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ, ಅಲ್ಲಿನ ರೈಟರ ಮಗ, ತೋಟಕ್ಕೆ ನುಗ್ಗುವ ಒಂಟಿ ಸಲಗ, ಕೊನೆಗೆ ಹದಿನಾಲ್ಕು ಬೇರೆ ಬೇರೆ ಅಂತ್ಯ. "ವಿಡಿಯೊ ಗೇಮ್ ಕಥೆಗೆ ಇಷ್ಟು ಸಂಕೀರ್ಣತೆ ಸಾಕೇ?" ಎಂದು ಕೇಳಿದ್ದೀಯ. ಸಾಕು. ಹದಿಮೂರು ಹೆಚ್ಚಾಯಿತು.

ಈ ಪ್ರಶ್ನೆಯನ್ನು ನನ್ನಂಥ ಮುದುಕನಿಗೆ ಯಾಕೆ ಕೇಳಿದೆಯೋ ತಿಳಿಯದು. ನಲವತ್ತು ವರ್ಷ ಕಥೆ ಬರೆದವನು ನಾನು, ಆಟ ಬರೆದವನಲ್ಲ. ಆದರೆ ಮಗಳ ಮಗ ಪ್ರತಿ ಬೇಸಿಗೆ ರಜೆಗೆ ಬಂದು ಟಿವಿಗೆ ತನ್ನ ಪೆಟ್ಟಿಗೆ ಜೋಡಿಸಿ, ನನ್ನ ಕೈಗೂ ಒಂದು ಕಂಟ್ರೋಲರ್ ಕೊಡುತ್ತಾನೆ. ಮೊದಲ ವರ್ಷ ಗೋಡೆಗೆ ಮುಖಮಾಡಿಕೊಂಡು ಓಡುತ್ತಿದ್ದೆ. ಈಗ ಹೆಬ್ಬೆರಳು ನೋಯುವವರೆಗೆ ಆಡುತ್ತೇನೆ, ಊಟಕ್ಕೆ ಮೂರು ಸಲ ಕರೆಸಿಕೊಳ್ಳುತ್ತೇನೆ.

ಲೆಕ್ಕದಿಂದಲೇ ಶುರುಮಾಡೋಣ. ಆಟಗಾರನಿಗೆ ಹತ್ತು ಕಡೆ ಎರಡೆರಡು ದಾರಿ ಕೊಟ್ಟು, ಯಾವುದನ್ನೂ ಮತ್ತೆ ಕೂಡಿಸದೆ ಬಿಟ್ಟರೆ 1,024 ಕಥೆ ಬರೆಯಬೇಕಾಗುತ್ತದೆ. ಅಷ್ಟನ್ನು ಯಾರೂ ಬರೆಸುವುದಿಲ್ಲ. ಅದಕ್ಕೇ ದಾರಿ ಕವಲೊಡೆದಂತೆ ತೋರಿಸಿ, ಸ್ವಲ್ಪ ದೂರ ನಡೆಸಿ, ಮತ್ತೆ ಒಂದೇ ಕಡೆಗೆ ತಂದು ಸೇರಿಸುತ್ತಾರೆ. ನೀನೂ ಅದನ್ನೇ ಮಾಡಿದ್ದೀಯ, ಅದರಲ್ಲಿ ತಪ್ಪಿಲ್ಲ. ನನಗೆ ಮುಳ್ಳಿನ ಹಾಗೆ ಚುಚ್ಚಿದ್ದು ಬೇರೆ: 37ನೇ ಪುಟದಲ್ಲಿ ಹುಡುಗ ಸುಳ್ಳು ಹೇಳಿದರೂ ನಿಜ ಹೇಳಿದರೂ, 40ನೇ ಪುಟದಲ್ಲಿ ಅವನ ತಾಯಿ ಅದೇ ಮಾತನ್ನು ಅದೇ ದನಿಯಲ್ಲಿ ಆಡುತ್ತಾಳೆ. ದಾರಿ ಒಂದಾಗಲಿ, ಆದರೆ ಸುಳ್ಳು ಹೇಳಿದ ಮಗನ ಎದುರು ಆಕೆ ತಟ್ಟೆ ಇಡುವ ಸದ್ದಾದರೂ ಬದಲಾಗಬೇಡವೇ? ಕಾಫಿ ಗಿಡದ ಕಾಂಡದಲ್ಲಿ ನೆಟ್ಟಗೆ ಏಳುವ ಚಿಗುರನ್ನು ತೆಗೆಸದೆ ಬಿಟ್ಟರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ಗಿಡ ಹಸಿರಾಗಿ ತುಂಬಿ ನಿಂತಿರುತ್ತದೆ, ಕುಯ್ಯಲು ಹೋದಾಗ ಬುಟ್ಟಿ ತುಂಬುವುದಿಲ್ಲ.

'ಪೇಪರ್ಸ್, ಪ್ಲೀಸ್' ಆಡಿದ್ದೀಯಾ? ಲ್ಯೂಕಸ್ ಪೋಪ್ ಎನ್ನುವವನು ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿ 2013ರಲ್ಲಿ ಹೊರತಂದ ಆಟ. ಅರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ನೀನೊಬ್ಬ ಗುಮಾಸ್ತ. ಕತ್ತಿಯಿಲ್ಲ, ಕುದುರೆಯಿಲ್ಲ. ಕಿಟಕಿಗೆ ಬಂದವರ ಪಾಸ್‌ಪೋರ್ಟ್ ನೋಡಬೇಕು, ಹಸಿರು ಮೊಹರು ಇಲ್ಲವೇ ಕೆಂಪು ಮೊಹರು ಒತ್ತಬೇಕು. ಸರಿಯಾಗಿ ನೋಡಿ ಕಳುಹಿಸಿದ ತಲೆಗಿಷ್ಟು ಎಂದು ಕೂಲಿ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆಯ ಚೀಟಿ, ಆಮೇಲೆ ಸಂಬಳದಲ್ಲಿ ಕಡಿತ. ಸಂಜೆ ಮನೆಯ ಲೆಕ್ಕ: ಬಾಡಿಗೆ, ಊಟ, ಚಳಿಗೆ ಶಾಖ, ಕಾಯಿಲೆ ಬಿದ್ದವರಿಗೆ ಔಷಧ. ಒಂದು ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದ ಸರಿಯಾಗಿದೆ. ಹೋಗುವಾಗ, ಹಿಂದೆಯೇ ನನ್ನ ಹೆಂಡತಿ ಬರುತ್ತಾಳೆ, ದಯವಿಟ್ಟು ನೋಡಿಕೊಳ್ಳಿ ಎನ್ನುತ್ತಾನೆ. ಆಕೆ ಬರುತ್ತಾಳೆ. ಪ್ರವೇಶದ ಪರವಾನಗಿ ಇಲ್ಲ. ವಾಪಸು ಕಳುಹಿಸಿದರೆ ಕೊಲ್ಲುತ್ತಾರೆ ಎನ್ನುತ್ತಾಳೆ.

ನಾನು ಆ ದಿನ ಆಗಲೇ ಎರಡು ತಪ್ಪು ಮಾಡಿದ್ದೆ. ಮನೆಯಲ್ಲಿ ಮಗನಿಗೆ ಕಾಯಿಲೆ, ಅಂದರೆ ಆಟದೊಳಗಿನ ಮಗನಿಗೆ. ಕೆಂಪು ಮೊಹರಿನ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಮೊಮ್ಮಗ ಬಂದು "ಅಜ್ಜ, ನಿದ್ದೆ ಬಂತಾ?" ಎಂದ. ಆ ಆಟಕ್ಕೂ ಇಪ್ಪತ್ತು ಅಂತ್ಯಗಳಿವೆಯಂತೆ. ನಾನು ಕಂಡದ್ದು ಮೂರು, ಅವುಗಳಲ್ಲಿ ಎರಡು ಈಗ ನೆನಪಿಲ್ಲ. ಆ ಹೆಂಗಸನ್ನು ಮಾತ್ರ ಮರೆತಿಲ್ಲ. ಅಲ್ಲಿನ ಪ್ರಶ್ನೆ ಒಂದೇ ಒಂದು, ಉತ್ತರಗಳು ಎರಡೇ ಎರಡು. ಸಂಕೀರ್ಣವಾದದ್ದು ನಾನು, ಕಥೆಯಲ್ಲ.

ನೀನು ರೈಟರ ಮಗನನ್ನು ನಾಯಕನನ್ನಾಗಿ ಮಾಡಿದ್ದು ನನಗೆ ಹಿಡಿಸಿತು, ಯಾಕೆಂದರೆ ನಾನೂ ರೈಟರ ಮಗನೇ. ನಮ್ಮ ಕಡೆ ರೈಟರೆಂದರೆ ಕಥೆ ಬರೆಯುವವರಲ್ಲ, ತೋಟದ ಹಾಜರಿ ಬರೆಯುವವರು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹಾಗಿದ್ದೂ ನಿನ್ನ 140 ಪುಟಗಳಲ್ಲಿ ಹಾಜರಿ ಪುಸ್ತಕ ಒಂದು ಸಲವೂ ತೆರೆಯುವುದಿಲ್ಲವಲ್ಲ! ಹುಡುಗನ ಕೈಗೆ ಕೋವಿ ಕೊಟ್ಟಿದ್ದೀಯ, ಟಾರ್ಚು ಕೊಟ್ಟಿದ್ದೀಯ, ಪಟಾಕಿ ಕೊಟ್ಟಿದ್ದೀಯ. ಅಪ್ಪನ ಪೆನ್ನು ಕೊಟ್ಟಿಲ್ಲ.

ಒಂದು ಸಂಜೆಯನ್ನು ಹೇಳುತ್ತೇನೆ. ಕುಯ್ಲಿನ ಕಾಲ, ಹಣ್ಣು ಅಳೆದು ಮುಗಿದಿತ್ತು. ನಾನು ಅಪ್ಪನ ಪಕ್ಕ ಲಾಟೀನು ಹಿಡಿದು ನಿಂತಿದ್ದೆ. ಆಳುಗಳು ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿ ಹೋಗುತ್ತಿದ್ದರು. ಒಬ್ಬ ಹೆಂಗಸು ಆ ಬೆಳಗ್ಗೆ ಮಗುವಿಗೆ ಜ್ವರವೆಂದು ತಡವಾಗಿ ಬಂದಿದ್ದಳು. ತಡವಾಗಿ ಬಂದವರಿಗೆ ಅರ್ಧ ಹಾಜರಿ ಎನ್ನುವುದು ಸಾಹುಕಾರರ ಕಟ್ಟುನಿಟ್ಟು. ಆಕೆ ಏನೂ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಪುಸ್ತಕವನ್ನೇ ನೋಡುತ್ತಿದ್ದಳು. ಓದಲು ಬಾರದವಳು, ಆದರೆ ಪೂರ್ತಿ ಗೆರೆಗೂ ಅರ್ಧ ಗೆರೆಗೂ ಇರುವ ವ್ಯತ್ಯಾಸ ಗೊತ್ತಿದ್ದವಳು. ಅಪ್ಪ ಪೆನ್ನಿನ ಮುಳ್ಳನ್ನು ಶಾಯಿಗೆ ಅದ್ದಿದರು, ಒರೆಸಿದರು, ಮತ್ತೆ ಅದ್ದಿದರು. "ಲಾಟೀನು ಆಚೆ ಹಿಡಿ" ಎಂದು ನನಗೆ ಗದರಿದರು. ಏನು ಬರೆದರೋ ನನಗೆ ಕಾಣಲಿಲ್ಲ. ಆ ಶನಿವಾರ ಬಟವಾಡೆ ಮುಗಿಸಿ ಬಂದ ಅಪ್ಪನ ಚೀಲದಲ್ಲಿ ನಮ್ಮ ಮನೆಯ ಸಕ್ಕರೆ ಇರಲಿಲ್ಲ. ಅಮ್ಮ ಕೇಳಿದಳು, ಅಪ್ಪ ಉತ್ತರ ಕೊಡಲಿಲ್ಲ.

ಇದನ್ನು ಕಥೆಯಾಗಿ ಬರೆಯಲು ಎರಡು ಸಲ ಪ್ರಯತ್ನಿಸಿ ಬಿಟ್ಟೆ. ಕಥೆಯಲ್ಲಿ ಓದುಗ ಲಾಟೀನು ಹಿಡಿದವನು. ನಿನ್ನ ಮಾಧ್ಯಮದಲ್ಲಿ ಅವನ ಕೈಯಲ್ಲೇ ಪೆನ್ನು ಇರುತ್ತದೆ. ಈ ಒಂದು ವಿಷಯಕ್ಕೆ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು.

ಕೈ ಎಂದಾಗ ಇನ್ನೊಂದು ಆಟ ನೆನಪಾಗುತ್ತದೆ, 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್', ಅದೂ 2013ರದು. ನೀನು ಆಡಿರದಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗು. ಅಣ್ಣ ತಮ್ಮ ಇಬ್ಬರನ್ನೂ ನೀನೇ ನಡೆಸಬೇಕು: ಎಡಗೈಗೆ ಅಣ್ಣ, ಬಲಗೈಗೆ ತಮ್ಮ. ತಾಯಿ ಮುಳುಗಿ ಸತ್ತದ್ದರಿಂದ ತಮ್ಮನಿಗೆ ನೀರೆಂದರೆ ಭಯ, ಅಣ್ಣನ ಬೆನ್ನು ಹಿಡಿದೇ ಹೊಳೆ ದಾಟುತ್ತಾನೆ. ಅಣ್ಣ ಸಾಯುತ್ತಾನೆ. ಎಡಗೈಗೆ ಕೆಲಸವಿಲ್ಲ. ಕೊನೆಗೆ ತಮ್ಮ ಒಬ್ಬನೇ ನೀರಿನ ಮುಂದೆ ನಿಲ್ಲುತ್ತಾನೆ, ಬಲಗೈ ಎಷ್ಟು ಒತ್ತಿದರೂ ಇಳಿಯುವುದಿಲ್ಲ. ಅಣ್ಣನದಾಗಿದ್ದ ಬಟನ್ ಒತ್ತಬೇಕು, ಆಗ ಈಜುತ್ತಾನೆ. ಒಂದೂ ಮಾತಿಲ್ಲ, ಆ ಆಟದಲ್ಲಿ ಅವರು ಆಡುವ ಭಾಷೆಯೇ ಯಾರಿಗೂ ಅರ್ಥವಾಗದ ಕಲ್ಪಿತ ಭಾಷೆ. ಇಡೀ ಕಥೆ ಒಂದು ಗೆರೆಯಷ್ಟು ನೇರ, ಕವಲೇ ಇಲ್ಲ. ನನ್ನ ಎಡಗೈ ಬೆರಳು ಅತ್ತಿತು ಎಂದರೆ ನಗಬೇಡ.

ಮುಂದೇನಾಗುತ್ತದೆ ಎನ್ನುವ ಕುತೂಹಲದ ಮೇಲೆ ನೀನು ಅತಿಯಾಗಿ ಭಾರ ಹಾಕಿದ್ದೀಯ. ಕೊಪ್ಪ, ಶೃಂಗೇರಿ ಕಡೆ ತಾಳಮದ್ದಳೆ ಕೇಳಿದ್ದೀಯಲ್ಲ? ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಕರ್ಣ ಸಾಯುತ್ತಾನೆಂದು ಚಾಪೆಯ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ರಾತ್ರಿಯೆಲ್ಲ ಯಾರೂ ಏಳುವುದಿಲ್ಲ. ಕೃಷ್ಣನಾದವನು ಹಿಂದಿನ ವಾರ ಕೇಳದ ಒಂದು ಪ್ರಶ್ನೆಯನ್ನು ಇಂದು ಕೇಳಿಬಿಡಬಹುದು, ಕರ್ಣನಾದವನು ಅಲ್ಲೇ, ಆ ಕ್ಷಣದಲ್ಲೇ, ತನ್ನ ಪಾತ್ರ ಕೆಡದಂತೆ ಉತ್ತರ ಕಟ್ಟಬೇಕು. ಪ್ರಸಂಗ ಕವಿ ಬರೆದದ್ದು, ಅರ್ಥ ಆಡುವವನದು. ನಿನ್ನ ಹದಿನಾಲ್ಕರಲ್ಲಿ ಒಂದನ್ನು ಪ್ರಸಂಗವಾಗಿ ಇಟ್ಟುಕೊಂಡು, ಅರ್ಥ ಹೇಳುವುದನ್ನು ಆಟಗಾರನಿಗೆ ಬಿಡು. ಸಲಗವನ್ನು ಕೊನೆಗೆ ಹಿಡಿಯುತ್ತಾರೆ, ಸರಿ. ಹಿಡಿಯಲು ಇವನು ಯಾಕೆ ಸಹಾಯ ಮಾಡಿದ? ದುಡ್ಡಿಗೋ, ಸತ್ತವರ ಮನೆಯ ಮುಖ ನೋಡಲಾರದೆಯೋ, ಅಪ್ಪನ ಮೇಲಿನ ಸಿಟ್ಟಿಗೋ?

ಆಟಗಳಿಗಿರುವ ಒಂದು ದೊಡ್ಡ ತೊಡಕೆಂದರೆ ಹಿಂದಕ್ಕೆ ಹೋಗುವ ಸೌಲಭ್ಯ. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆ ಅಲ್ಲಿ ನಡೆಯುವುದಿಲ್ಲ. ಉಳಿಸಿಟ್ಟ ಜಾಗಕ್ಕೆ ಮರಳಿ ಮುತ್ತನ್ನು ಮತ್ತೆ ಇಡಬಹುದು. ಟೋಬಿ ಫಾಕ್ಸ್‌ನ 'ಅಂಡರ್‌ಟೇಲ್' (2015) ಇದನ್ನೇ ಕಥೆಯಾಗಿ ತಿರುಗಿಸಿತು. ತಾಯಿಯಂಥ ಒಬ್ಬಳನ್ನು ಕೊಂದು, ಮನಸ್ಸು ಕೇಳದೆ ಹಿಂದಕ್ಕೆ ಹೋಗಿ ಉಳಿಸಿಕೊಂಡೆ ಅಂದುಕೋ. ಮುಂದೆ ಸಿಗುವ ಒಂದು ಹೂವು ನಿನ್ನನ್ನು ನೋಡಿ, ನೀನು ಮಾಡಿದ್ದು ನನಗೆ ಗೊತ್ತು ಎನ್ನುತ್ತದೆ. ಬೆನ್ನಹುರಿಯಲ್ಲಿ ಚಳಿ ಹುಟ್ಟುತ್ತದೆ. 'ದಿ ವಿಚರ್ 3' ಬೇರೆ ಉಪಾಯ ಮಾಡುತ್ತದೆ: ಮರದ ಬುಡದಲ್ಲಿ ಬಂಧಿಯಾದ ಆತ್ಮವನ್ನು ಬಿಡಿಸಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಊರೊಂದು ಹಾಳಾಗುತ್ತದೆ, ಕೊಂದರೆ ಊರು ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ. ಆದರೆ ಲೆಕ್ಕದ ಚೀಟಿ ಕೈಗೆ ಬರುವುದು ಆಮೇಲೆ, ಹಿಂದಕ್ಕೆ ಹೋಗಲು ಬೇಸರವಾಗುವಷ್ಟು ದೂರ ನಡೆದ ಮೇಲೆ. ನೀನು ಪ್ರತಿ ಆಯ್ಕೆಯ ಫಲವನ್ನು ಮುಂದಿನ ಪುಟದಲ್ಲೇ ಕೊಟ್ಟುಬಿಟ್ಟಿದ್ದೀಯ. ಅಷ್ಟು ಬೇಗ ತೀರುವ ಸಾಲವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನಿನ್ನ ಸಲಗದ ಬಗ್ಗೆ ನನಗೆ ಸ್ವಲ್ಪ ಕೋಪವೇ ಬಂದಿದೆ. ಕೆಂಪು ಕಣ್ಣು, ಮುರಿದ ದಂತ, ರಾತ್ರಿಯ ಘೀಳು. ಸಕಲೇಶಪುರದವನು ನೀನು, ಆನೆಗೆ ಜನ ಸತ್ತ ಮನೆಗೂ ಹೋಗಿ ಬಂದವನು, ಆನೆ ಹೋಗುವ ದಾರಿಗೆ ತಂತಿ ಬೇಲಿ ಬಿದ್ದದ್ದನ್ನೂ ಕಂಡವನು. 2023ರ ಡಿಸೆಂಬರ್ 4ರಂದು ನಿನ್ನ ತಾಲ್ಲೂಕಿನ ಯಸಳೂರು ವಲಯದಲ್ಲೇ ಅರ್ಜುನ ಸತ್ತದ್ದನ್ನು ಮರೆತೆಯಾ? ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಕಾಡಾನೆಯನ್ನು ಹಿಡಿಯಲು ಮನುಷ್ಯರು ಕರೆತಂದದ್ದು ತಾವೇ ಒಮ್ಮೆ ಕಾಡಿನಿಂದ ಹಿಡಿದು ಪಳಗಿಸಿದ್ದ ಆನೆಯನ್ನು. ಅದು ಸತ್ತದ್ದು ಇನ್ನೊಂದು ಆನೆಯ ತಿವಿತಕ್ಕೆ. ಇಲ್ಲಿ ಖಳನನ್ನು ಹುಡುಕು ನೋಡೋಣ.

ಸಣ್ಣಪುಟ್ಟ ತಕರಾರುಗಳು ಬೇಕಷ್ಟಿವೆ. ಮೊದಲ ಹನ್ನೆರಡು ನಿಮಿಷ ಆಟಗಾರ ಸುಮ್ಮನೆ ಕೂತು ದೃಶ್ಯ ನೋಡಬೇಕು ಎಂದು ಬರೆದಿದ್ದೀಯ. ಮೊಮ್ಮಗನಾದರೆ ಎರಡನೇ ನಿಮಿಷಕ್ಕೆ ಅಡುಗೆಮನೆಗೆ ಹೋಗುತ್ತಾನೆ. ಸೋತರೆ ಹಿಂದಿನ ಜಾಗಕ್ಕೆ ತಳ್ಳುವುದನ್ನು ಬಿಡು. 'ಡಿಸ್ಕೊ ಎಲೀಸಿಯಮ್' (2019) ಆಡುವಾಗ ದಾಳ ನನ್ನ ಕೈಬಿಟ್ಟಾಗಲೇ ಕಥೆ ಹೆಚ್ಚು ರುಚಿಯಾಗಿ ಮುಂದುವರಿಯುತ್ತಿತ್ತು. ತೋಟದ ಹಳೆಯ ಇತಿಹಾಸವನ್ನೆಲ್ಲ ಒಬ್ಬ ಅಜ್ಜನ ಬಾಯಲ್ಲಿ ಹೇಳಿಸಿದ್ದೀಯ. ಪಾಪ, ಅವನಿಗೆ ಉಸಿರಾಡಲೂ ಬಿಡುವಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರದ ಜಗತಿಯ ಮೇಲೆ ಒಂದು ಸುತ್ತು ಬಾ. ಕೆಳಗೆ ಆನೆಗಳ ಸಾಲು, ಮೇಲೆ ಮೇಲೆ ಬೇರೆ ಸಾಲುಗಳು, ಅವುಗಳ ನಡುವೆ ಎಲ್ಲೋ ಚಕ್ರವ್ಯೂಹ. ಗೋಡೆ ಯಾರನ್ನೂ ಕರೆದು ವಿವರಿಸುವುದಿಲ್ಲ. ಮೂಲೆ ತಿರುಗುವವರೆಗೆ ಮುಂದಿನದು ಕಾಣುವುದಿಲ್ಲ. ನಡೆಯುವವನೇ ಅಭಿಮನ್ಯುವನ್ನು ಕಂಡುಹಿಡಿಯಬೇಕು. ನಿನ್ನ ತೋಟದಲ್ಲೂ ಹಾಗೇ ಮಾಡು: ಆಳುಗಳ ಸಾಲುಮನೆಗಳಿರುವ ಕೂಲಿ ಲೈನಿನ ಕೊನೆಯ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ, ಒಳಗೆ ಒಂದು ಮಗುವಿನ ಚಪ್ಪಲಿ. ಅಜ್ಜನ ಆರು ಪುಟ ಉಳಿಯಿತು.

ಏಪ್ರಿಲ್ ಎರಡನೇ ವಾರ ಮೊಮ್ಮಗ ಬರುತ್ತಾನೆ. ಅಷ್ಟರೊಳಗೆ ಇಡೀ ಆಟ ಬೇಡ, ಹಾಜರಿ ಪುಸ್ತಕದ ಒಂದು ಸಂಜೆಯನ್ನಷ್ಟೇ ಮಾಡಿ ಕಳುಹಿಸು: ಹತ್ತು ಜನ ಆಳು, ಒಂದು ಪೆನ್ನು, ತಡವಾಗಿ ಬಂದವಳೊಬ್ಬಳು. ಅವನಿಗೆ ಆಡಲು ಕೊಡುತ್ತೇನೆ. ಅವನ ಮುತ್ತಜ್ಜನ ವಿಷಯ ಏನೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು, ಅವನು ಅರ್ಧ ಗೆರೆ ಎಳೆಯುತ್ತಾನೋ ಪೂರ್ತಿ ಎಳೆಯುತ್ತಾನೋ ನೋಡಿ ನಿನಗೆ ಬರೆಯುತ್ತೇನೆ.

ಇಂತಿ ಆಶೀರ್ವಾದಗಳು.

ಮರು ಓದಿದಾಗ ಕಂಡದ್ದು: 88ನೇ ಪುಟದಲ್ಲಿ ಕಾಫಿ ಹೂವು ಅಕ್ಟೋಬರ್‌ನಲ್ಲಿ ಅರಳಿದೆ. ನಿಮ್ಮಮ್ಮನಿಗೆ ಓದಲು ಕೊಡುವ ಮೊದಲು ತಿದ್ದಿಕೋ.